ಅಜ್ಜನ ಹೆಜ್ಜೆಗೆ ಒಪ್ಪುವ ಕಡಲ ದಾರಿ



ಕ್ರಿಸ್‌ಮಸ್ ರಜೆ ಹತ್ತಿರ ಬಂದರೆ ಮನೆಮನೆಯಲ್ಲೂ ಒಂದೇ ಮಾತು: ‘ಈ ಸಲ ಎಲ್ಲಿಗೆ?’ ಮಕ್ಕಳ ಮತ ಬಹುತೇಕ ಕಡಲಿಗೇ ಬೀಳುತ್ತದೆ. ಅಪ್ಪ ಮೊಬೈಲ್‌ನಲ್ಲಿ ನಾಲ್ಕು ಚಿತ್ರ ತೋರಿಸುತ್ತಾರೆ. ಯಾವುದು ಚೆನ್ನಾಗಿ ಕಂಡಿತೋ ಅಲ್ಲಿಗೆ ಗಾಡಿ ಹೊರಡುತ್ತದೆ. ಅಲ್ಲಿಗೆ ಹೋದ ಮೇಲೆ ಆಗುವುದೇನು? ಮಕ್ಕಳು ನೀರಿನತ್ತ ಓಡುತ್ತಾರೆ. ಅಜ್ಜಿ ಮರಳಿನಲ್ಲಿ ಹತ್ತು ಹೆಜ್ಜೆ ಹಾಕಿ, ಮಂಡಿ ಹಿಡಿದುಕೊಂಡು, ‘ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’ ಎನ್ನುತ್ತಾರೆ. ಎಲ್ಲರ ಚಪ್ಪಲಿ ಕಾಯುವ ಕೆಲಸ ಅವರ ಪಾಲಿಗೆ.

ಇದು ಮಂಡಿಯ ತಪ್ಪು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟೋ ಸಲ ತಪ್ಪು ಮಂಡಿಯದಲ್ಲ, ಆರಿಸಿಕೊಂಡ ದಾರಿಯದು. ಸರಿಯಾದ ದಡ, ಸರಿಯಾದ ಹೊತ್ತು ಆರಿಸಿಕೊಂಡರೆ ಎಪ್ಪತ್ತರ ಅಜ್ಜನೂ ಏಳರ ಮೊಮ್ಮಗಳೂ ಕೈ ಹಿಡಿದು ಒಂದು ಗಂಟೆ ನಡೆದು ಬರಬಹುದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ನಮಗೆ 300 ಕಿಲೋಮೀಟರಿಗೂ ಉದ್ದದ ಕರಾವಳಿ ಇದೆ. ಅಷ್ಟು ಉದ್ದದ ದಡದಲ್ಲಿ ಎಲ್ಲ ಕಡೆ ಮರಳೂ ಒಂದೇ ಅಲ್ಲ, ಅಲೆಯೂ ಒಂದೇ ಅಲ್ಲ. ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

ಮೊದಲ ಪ್ರಶ್ನೆ: ಕಾಲಡಿ ಏನಿದೆ?

ಒಣಮರಳಿನಲ್ಲಿ ನಡೆಯುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ಎಷ್ಟು ಕಷ್ಟ ಎಂದು ಅಳೆದು ನೋಡಿದವರಿದ್ದಾರೆ. ಗಟ್ಟಿ ನೆಲದ ಮೇಲೆ ನಡೆಯಲು ಬೇಕಾದ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಸಡಿಲ ಮರಳಿಗೆ ಬೇಕು. ಕಾರಣ ಸರಳ. ರಸ್ತೆಯನ್ನು ತುಳಿದರೆ ಅದು ಹಾಗೇ ಇರುತ್ತದೆ. ಮರಳನ್ನು ತುಳಿದರೆ ಅದು ಜಾರಿ ಪಕ್ಕಕ್ಕೆ ಸರಿಯುತ್ತದೆ, ನಮ್ಮ ಶಕ್ತಿಯ ಒಂದು ಪಾಲು ಮರಳು ಸರಿಸುವುದಕ್ಕೇ ಖರ್ಚಾಗುತ್ತದೆ. ಅಂದರೆ ಒಣಮರಳಿನಲ್ಲಿ ಒಂದು ಕಿಲೋಮೀಟರ್ ಹೋದ ಅಜ್ಜ ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆದಷ್ಟು ದಣಿದಿರುತ್ತಾರೆ.

ಆದರೆ ಅದೇ ದಡದಲ್ಲಿ ಗಟ್ಟಿ ದಾರಿಯೂ ಇರುತ್ತದೆ. ಮಕ್ಕಳೇ, ಮರಳಿನ ಮನೆ ಕಟ್ಟುವಾಗ ನೀವು ಒಣಮರಳು ಬಳಸುತ್ತೀರಾ? ಇಲ್ಲ, ಒದ್ದೆ ಮರಳು ಹುಡುಕುತ್ತೀರಿ. ಒದ್ದೆ ಮರಳಿನ ಕಣಗಳ ನಡುವೆ ತೆಳುವಾದ ನೀರಿನ ಪದರ ಇದ್ದು ಅದು ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ನೀರು ಅತಿಯಾದರೆ ಆ ಹಿಡಿತ ಬಿಟ್ಟುಹೋಗಿ ಮರಳು ಮತ್ತೆ ಹರಿಯುತ್ತದೆ. ಆದ್ದರಿಂದ ನಡೆಯಲು ಒಳ್ಳೆಯದು ಮೇಲಿನ ಒಣಮರಳೂ ಅಲ್ಲ, ಅಲೆ ಬಂದು ಹೋಗುವ ಅಂಚೂ ಅಲ್ಲ. ಅವೆರಡರ ನಡುವೆ, ನೀರು ಹಿಂದೆ ಸರಿದು ಸ್ವಲ್ಪ ಹೊತ್ತಾದ ಒದ್ದೆ ಪಟ್ಟಿ.

ಅದನ್ನು ಕಂಡುಹಿಡಿಯಲು ‘ಐದು ಹೆಜ್ಜೆ ಪರೀಕ್ಷೆ’ ಮಾಡಿ. ಅಜ್ಜ ಐದು ಹೆಜ್ಜೆ ನಡೆಯಲಿ. ಮೊಮ್ಮಕ್ಕಳು ಹಿಂದಿನಿಂದ ಹೆಜ್ಜೆಗುರುತು ನೋಡಲಿ. ಬೆರಳು, ಹಿಮ್ಮಡಿ ಎಲ್ಲ ಅಚ್ಚು ಹಾಕಿದ ಹಾಗೆ ತೆಳುವಾಗಿ ಮೂಡಿದ್ದರೆ ದಾರಿ ಸರಿ. ಹಿಮ್ಮಡಿ ಹೂತು ಗುಂಡಿಯಾಗಿದ್ದರೆ ಬೇರೆ ಪಟ್ಟಿ ನೋಡಿ.

ಇಳಿಜಾರನ್ನೂ ಗಮನಿಸಿ. ದಡ ಕಡಲಿನತ್ತ ಕಡಿದಾಗಿ ವಾಲಿದ್ದರೆ ಒಂದು ಕಾಲು ಯಾವಾಗಲೂ ಮೇಲೆ, ಇನ್ನೊಂದು ಕೆಳಗೆ. ಅರ್ಧ ಗಂಟೆಯಲ್ಲಿ ಸೊಂಟ ನೋಯುತ್ತದೆ. ಕಡಿದಾದ ದಡದಲ್ಲಿ ಅಲೆಯೂ ಕಾಲಬುಡದಲ್ಲೇ ಬಂದು ಜೋರಾಗಿ ಒಡೆಯುತ್ತದೆ. ಹಿರಿಯರು, ಕಿರಿಯರು ಜೊತೆಯಾಗಿ ನಡೆಯಲು ಅಗಲವಾದ, ಚಪ್ಪಟೆಯಾದ ದಡವೇ ಸರಿ.

ಎರಡನೇ ಪ್ರಶ್ನೆ: ನೀರು ಎಲ್ಲಿಯವರೆಗೆ ಬರುತ್ತದೆ?

ಕಡಲ ದಾರಿಗೂ ಉದ್ಯಾನದ ದಾರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಉದ್ಯಾನದ ದಾರಿ ನೀವು ಹೋದಾಗ ಎಲ್ಲಿತ್ತೋ ಬರುವಾಗಲೂ ಅಲ್ಲೇ ಇರುತ್ತದೆ. ಕಡಲ ದಾರಿ ಹಾಗಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ.

ನೀರು ಬರೀ ಒಂದು ಮೀಟರ್ ಏರಿದರೆ ಏನು ಮಹಾ ಎನ್ನಬೇಡಿ. ಮಕ್ಕಳೇ, ಒಂದು ಲೆಕ್ಕ ಮಾಡಿ. ಮೂವತ್ತು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವಷ್ಟು ಚಪ್ಪಟೆಯಾದ ದಡ ಇದೆ ಎಂದುಕೊಳ್ಳಿ. ಅಲ್ಲಿ ನೀರಿನ ಮಟ್ಟ ಒಂದು ಮೀಟರ್ ಏರಿದರೆ ನೀರು ದಡದ ಮೇಲೆ ಎಷ್ಟು ದೂರ ಬರುತ್ತದೆ? ಮೂವತ್ತು ಮೀಟರ್! ಹೋಗುವಾಗ ನಡೆದಿದ್ದ ಗಟ್ಟಿ ದಾರಿ ಬರುವಾಗ ನೀರಿನಡಿಯಲ್ಲಿರುತ್ತದೆ. ಆಗ ಮೇಲಿನ ಒಣಮರಳಿನಲ್ಲೇ ವಾಪಸ್ ಬರಬೇಕು. ದಡದ ಹಿಂದೆ ಬಂಡೆ ಇದ್ದರೆ ಅದೂ ಇಲ್ಲ.

ಇಲ್ಲಿ ಅಜ್ಜ-ಅಜ್ಜಿಯರ ಪಂಚಾಂಗ ಉಪಯೋಗಕ್ಕೆ ಬರುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ. ಆ ದಿನಗಳಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಇನ್ನೊಂದು ಲೆಕ್ಕ: ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6.30ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ 7.20ರ ಹೊತ್ತಿಗೆ, ನಾಡಿದ್ದು 8.10ರ ಹೊತ್ತಿಗೆ. ವಾರ ಕಳೆದರೆ ಅದು ನಡುಮಧ್ಯಾಹ್ನಕ್ಕೆ ಬಂದಿರುತ್ತದೆ. ಕಳೆದ ವಾರ ಹೋಗಿ ಬಂದ ನೆಂಟರು ‘ಬೆಳಿಗ್ಗೆ ಒಳ್ಳೆ ಜಾಗ’ ಎಂದರೆ ಈ ವಾರವೂ ಹಾಗೇ ಇರಬೇಕೆಂದಿಲ್ಲ. ದಡದಲ್ಲಿ ಬಲೆ ಸರಿಮಾಡುತ್ತಾ ಕೂತಿರುವ ಮೀನುಗಾರರನ್ನು ಕೇಳಿ, ಆ ದಿನದ ಇಳಿತದ ಹೊತ್ತು ಹೇಳುತ್ತಾರೆ. ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲು ಹೊರಟು, ಇಳಿದ ಒಂದು ಗಂಟೆಯೊಳಗೆ ವಾಪಸಾದರೆ ದಾರಿಯುದ್ದಕ್ಕೂ ಗಟ್ಟಿ ಮರಳು ಸಿಗುತ್ತದೆ.

ಯಾರೂ ಸಿಗದಿದ್ದರೆ ಮರಳನ್ನೇ ಓದಿ. ಚಿಪ್ಪು, ತೆಂಗಿನ ಸಿಪ್ಪೆ, ಕಡ್ಡಿಕಸ ಸಾಲಾಗಿ ಬಿದ್ದಿರುವ ಗೆರೆ ಕಾಣುತ್ತದಲ್ಲ, ಹಿಂದಿನ ಉಬ್ಬರದಲ್ಲಿ ನೀರು ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಆ ಗೆರೆಯ ಮೇಲ್ಗಡೆ ನಡೆಯಲು ಜಾಗವೇ ಇಲ್ಲದ ದಡ ಮಕ್ಕಳಿಗೂ ಬೇಡ, ಹಿರಿಯರಿಗೂ ಬೇಡ.

ಮೂರನೇ ಪ್ರಶ್ನೆ: ಎಲ್ಲಿ ಕೂರಬಹುದು, ಎಲ್ಲಿ ಹೊರಬರಬಹುದು?

ಅಜ್ಜಿಗೆ ಸುಸ್ತಾಯಿತು ಎಂದುಕೊಳ್ಳಿ. ಅಥವಾ ಚಿಕ್ಕ ತಂಗಿಗೆ ಚಿಪ್ಪು ಚುಚ್ಚಿತು. ಆ ಜಾಗದಿಂದ ರಸ್ತೆಗೆ ಹೋಗುವ ದಾರಿ ಇದೆಯೇ? ದಡಕ್ಕೆ ಸಮಾನಾಂತರವಾಗಿ ಊರ ರಸ್ತೆ ಇದ್ದು, ನಡುನಡುವೆ ಓಣಿಗಳಿದ್ದರೆ ಅದು ಒಳ್ಳೆಯ ದಾರಿ. ಎರಡು ಕಡೆ ಗುಡ್ಡ, ಮುಂದೆ ಕಡಲು, ಬಂದ ದಾರಿಯೊಂದೇ ಹೋಗುವ ದಾರಿ ಎಂಬಂಥ ಜಾಗ ಚಿತ್ರದಲ್ಲಿ ಬಲು ಚಂದ. ನಡೆಯುವವರಲ್ಲಿ ಒಬ್ಬರಿಗೆ ಕಾಲು ನೋವು ಬಂದರೆ ಅದೇ ಜಾಗ ಕಷ್ಟ.

ನೆರಳಿನ ಲೆಕ್ಕವೂ ಇದೆ. ನಮ್ಮ ಕಡಲು ಪಡುವಣದಲ್ಲಿದೆ. ಬೆಳಿಗ್ಗೆ ಸೂರ್ಯ ತೆಂಗಿನ ತೋಪಿನ ಹಿಂದಿನಿಂದ ಬರುತ್ತಾನೆ, ಮರಗಳ ನೆರಳು ದಡದ ಮೇಲೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಮುಖಕ್ಕೆ. ಸಂಜೆ ಸೂರ್ಯ ಮುಳುಗುವುದನ್ನು ನೋಡಬೇಕು ನಿಜ. ಆದರೆ ಮುಳುಗಿದ ಮೇಲೆ ಬೇಗ ಕತ್ತಲಾಗುತ್ತದೆ. ಆದ್ದರಿಂದ ನಡಿಗೆ ಬೆಳಿಗ್ಗೆ ಇರಲಿ, ಸಂಜೆ ಗಾಡಿ ನಿಲ್ಲಿಸಿದ ಜಾಗದ ಹತ್ತಿರವೇ ಕೂತು ಸೂರ್ಯಾಸ್ತ ನೋಡಿ.

ನಾಲ್ಕನೇ ಪ್ರಶ್ನೆ: ಅಲ್ಲಿ ಯಾರ ವಾಸ?

ದಡ ಖಾಲಿ ಕಂಡರೂ ಖಾಲಿ ಇರುವುದಿಲ್ಲ. ಮೇಲ್ಭಾಗದ ಮರಳಿನಲ್ಲಿ ಆಡಿನ ಗೊರಸಿನಂಥ ಎಲೆ, ನೇರಳೆ ಬಣ್ಣದ ಹೂ ಇರುವ ಬಳ್ಳಿ ಹಬ್ಬಿರುತ್ತದೆ. ಅದರ ಜೊತೆಗೆ ‘ರಾವಣನ ಮೀಸೆ’ ಎಂಬ ಮುಳ್ಳುಹುಲ್ಲು. ಅದರ ಒಣಗಿದ ಮುಳ್ಳಿನ ಚೆಂಡು ಗಾಳಿಗೆ ಉರುಳಿಕೊಂಡು ಹೋಗುವುದನ್ನು ನೋಡಿದರೆ ಆ ಹೆಸರು ಮಕ್ಕಳಿಗೆ ಮರೆಯುವುದಿಲ್ಲ. ಈ ಬಳ್ಳಿ, ಹುಲ್ಲುಗಳ ಬೇರೇ ಮರಳನ್ನು ಗಾಳಿಗೆ ಹಾರಿಹೋಗದಂತೆ ಹಿಡಿದಿಟ್ಟಿರುವುದು. ಅವುಗಳ ಮೇಲೆ ನಡೆಯದೆ ಜನ ಓಡಾಡಿ ಆಗಿರುವ ಕಾಲುದಾರಿಯಲ್ಲೇ ಇಳಿಯಿರಿ.

ಚಳಿಗಾಲದಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ಗುಂಡಿ ತೋಡಿ ಸುಮಾರು ನೂರು ಮೊಟ್ಟೆ ಇಟ್ಟು ಹೋಗುತ್ತವೆ. ಸುಮಾರು 50 ದಿನಕ್ಕೆ ಮರಿ ಹೊರಬರುತ್ತವೆ. ಮರಿಗಳು ಬೆಳಕು ಕಾಣುವ ಕಡೆಗೆ ಹೋಗುತ್ತವೆ. ಕತ್ತಲ ರಾತ್ರಿಯಲ್ಲಿ ಬೆಳ್ಳಗೆ ಕಾಣುವುದು ಕಡಲು, ಹಾಗಾಗಿ ದಾರಿ ತಪ್ಪುವುದಿಲ್ಲ. ನಾವು ಟಾರ್ಚ್ ಹಿಡಿದು ಓಡಾಡಿದರೆ ಅವು ನಮ್ಮ ಕಡೆಗೆ, ರಸ್ತೆಯ ಕಡೆಗೆ ಬಂದುಬಿಡುತ್ತವೆ. ಹೊನ್ನಾವರ, ಕಾರವಾರದ ಕಡೆ ಮರಳಿನಲ್ಲಿ ಸಣ್ಣ ಬೇಲಿ ಕಟ್ಟಿದ್ದು ಕಂಡರೆ ದೂರದಿಂದಲೇ ಸುತ್ತಿಕೊಂಡು ಹೋಗಿ.

ಇನ್ನು ಮೀನುಗಾರರು. ದಡ ನಮಗೆ ಆಟದ ಜಾಗ, ಅವರಿಗೆ ಕೆಲಸದ ಜಾಗ. ಕೈರಂಪಣಿ ಬಲೆಯ ಹಗ್ಗವನ್ನು ಹತ್ತಾರು ಜನ ಸೇರಿ ಎಳೆಯುತ್ತಿರುವುದು ಕಂಡರೆ ಹಗ್ಗ ದಾಟಬೇಡಿ, ಹಿಂದಿನಿಂದ ಬಳಸಿ ಹೋಗಿ. ನಿಂತು ನೋಡಲು ಅದಕ್ಕಿಂತ ಒಳ್ಳೆಯ ನೋಟವೂ ಇಲ್ಲ.

ಈ ಪ್ರಶ್ನೆಗಳಿಗೆ ಕೆಲವು ಜಾಗಗಳ ಉತ್ತರ

ಉಡುಪಿ ಬಳಿಯ ಕೋಡಿಬೇಂಗ್ರೆ: ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಜಾಗ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ನೆಲ. ಅದರ ಮೇಲೆ ರಸ್ತೆ, ಮನೆ, ತೆಂಗಿನ ಮರ. ಹಿರಿಯರಿಗೆ ಹೇಳಿಮಾಡಿಸಿದ ದಾರಿ. ಮರಳು ಸಾಕೆನಿಸಿದರೆ ರಸ್ತೆಗೆ ಬಂದು ಹೊಳೆಯ ಬದಿಯಲ್ಲಿ ನಡೆಯಬಹುದು. ಆದರೆ ಕೊನೆಯ ತುದಿಯ ಅಳಿವೆಯಲ್ಲಿ ಹೊಳೆ, ಕಡಲು ಎರಡರ ಸೆಳೆತವೂ ಇರುತ್ತದೆ. ಅಲ್ಲಿ ನಿಂತು ನೋಡಿ, ಕಾಲು ಇಳಿಬಿಡಬೇಡಿ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು: ಈ ಎರಡೂ ದಡಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿತು. ನೀರು ಶುದ್ಧವಾಗಿರಬೇಕು, ಶೌಚಾಲಯ, ಜೀವರಕ್ಷಕರು ಇರಬೇಕು ಎಂಬ ಕಟ್ಟುನಿಟ್ಟು ಆ ಮನ್ನಣೆಗೆ ಇದೆ. ಅಜ್ಜ-ಅಜ್ಜಿಯ ಜೊತೆ ಹೊರಡುವವರಿಗೆ ಶೌಚಾಲಯ ಸಣ್ಣ ವಿಷಯವಲ್ಲ! ಕಾಸರಕೋಡಿನಲ್ಲಿ ಗಾಳಿಮರದ ತೋಪಿನ ನೆರಳೂ ಇದೆ. ಹೊನ್ನಾವರದ ಹತ್ತಿರವೇ ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಹಲಗೆ ಹಾಸಿದ ದಾರಿ ಇದೆ. ಮರಳಿನಲ್ಲಿ ನಡೆಯಲು ಆಗದವರು ಅಲ್ಲಿ ನಡೆಯಬಹುದು.

ಕಾಪು: ಬಂಡೆಯ ಮೇಲಿನ ದೀಪಸ್ತಂಭ 1901ರದು, ಎತ್ತರ ಸುಮಾರು 27 ಮೀಟರ್. ಮೆಟ್ಟಿಲು ಹತ್ತುವುದು ಮಕ್ಕಳ ಪಾಲು. ಹಿರಿಯರು ಕೆಳಗಿನ ಮರಳಿನಲ್ಲಿ ನಡೆದರೂ ದೀಪಸ್ತಂಭ ಕಣ್ಣ ಮುಂದೆಯೇ ಇರುತ್ತದೆ. ಬಂಡೆಯ ಮೇಲೆ ಹಸಿರು ಪಾಚಿ ಕಂಡ ಕಡೆ ಯಾರೂ ಕಾಲಿಡಬಾರದು.

ಮರವಂತೆ: ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ನೋಟಕ್ಕೆ ಸಾಟಿಯಿಲ್ಲ. ಆದರೆ ಅಲ್ಲಿ ಅಲೆ ಒರಟು, ಪಕ್ಕದಲ್ಲೇ ವೇಗವಾಗಿ ಓಡುವ ಗಾಡಿಗಳು. ನಮ್ಮ ಪ್ರಶ್ನೆಗಳಿಗೆ ಅದು ಪಾಸಾಗುವುದಿಲ್ಲ. ನಿಂತು, ನೋಡಿ, ಮುಂದೆ ಹೋಗುವ ಜಾಗ ಅದು.

ಗೋಕರ್ಣ: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಒಂದರ ಹಿಂದೊಂದು ದಡಗಳು, ಅವುಗಳ ನಡುವೆ ಚಿರೆಕಲ್ಲಿನ ಗುಡ್ಡದ ಕಾಲುದಾರಿ. ಕಾಲೇಜಿನ ಅಣ್ಣ-ಅಕ್ಕಂದಿರು ಮೆಚ್ಚುವ ದಾರಿ ಇದು. ಏರು, ಇಳಿತ, ಸಡಿಲ ಕಲ್ಲು, ಕೆಲವೆಡೆ ಅಂಚಿಗೆ ಬೇಲಿಯೂ ಇಲ್ಲ. ಏಳರವರಿಗೂ ಎಪ್ಪತ್ತರವರಿಗೂ ಬೇಡ. ಮಹಾಬಲೇಶ್ವರ ದೇವಸ್ಥಾನದ ಬಳಿಯ ಊರ ಮುಂದಿನ ಉದ್ದನೆಯ ಚಪ್ಪಟೆ ದಡ ಎಲ್ಲರಿಗೂ ಸಾಕು.

ಕಾರವಾರ: ಊರಿಗೆ ಅಂಟಿಕೊಂಡೇ ಇರುವ, ಬಾಗಿದ ದಡ. ಎದುರಿಗೆ ನಡುಗಡ್ಡೆಗಳಿದ್ದು ಕೊಲ್ಲಿಯಲ್ಲಿ ಅಲೆ ಸಾಮಾನ್ಯವಾಗಿ ಸೌಮ್ಯ. ರವೀಂದ್ರನಾಥ ಟ್ಯಾಗೋರರು ಯುವಕರಾಗಿದ್ದಾಗ, 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಕಾಳಿ ನದಿಯಲ್ಲಿ ದೋಣಿ ವಿಹಾರ ಮುಗಿಸಿ, ರಾತ್ರಿ ಬೆಳದಿಂಗಳಲ್ಲಿ ಮರಳ ದಂಡೆಯ ಮೇಲೆ ನಡೆದೇ ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ದಡಕ್ಕೆ ಇವತ್ತು ಅವರದೇ ಹೆಸರು.

ಹೊರಡುವ ಮುನ್ನ

ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ, ನಿಮಿಷದಲ್ಲಿ ಹಾಕಿ. ಇಪ್ಪತ್ತು ನಿಮಿಷ ಹೋಗುವುದು, ಹತ್ತು ನಿಮಿಷ ಕೂರುವುದು, ಮೂವತ್ತು ನಿಮಿಷದಲ್ಲಿ ಬರುವುದು. ಬರುವಾಗ ಹೆಜ್ಜೆ ನಿಧಾನವಾಗುತ್ತದೆ, ಅದಕ್ಕೇ ಆ ಹತ್ತು ನಿಮಿಷ ಹೆಚ್ಚು. ಗಡಿಯಾರ ನೋಡಿ ‘ಅಜ್ಜಾ, ಇಪ್ಪತ್ತು ನಿಮಿಷ ಆಯ್ತು, ತಿರುಗೋಣ’ ಎನ್ನುವ ಕೆಲಸ ಮೊಮ್ಮಕ್ಕಳದು. ‘ಇನ್ನೊಂಚೂರು ಮುಂದೆ’ ಎಂದು ಯಾರೇ ಹೇಳಿದರೂ, ಅಪ್ಪನೇ ಹೇಳಿದರೂ, ಕೇಳಬಾರದು.

ಬರಿಗಾಲಿನಲ್ಲಿ ನಡೆಯುವುದು ಹಿತ. ಆದರೆ ಸಕ್ಕರೆ ಕಾಯಿಲೆ ಇರುವ ಹಿರಿಯರು ಬರಿಗಾಲಿನಲ್ಲಿ ನಡೆಯಬಾರದು. ಕಾಲಿಗೆ ಚಿಪ್ಪು, ಗಾಜು, ಗಾಳದ ಮುಳ್ಳು ಚುಚ್ಚಿದ್ದೇ ಅವರಿಗೆ ತಿಳಿಯದೆ ಹೋಗಬಹುದು. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಲಿ. ಟೋಪಿ, ನೀರಿನ ಬಾಟಲಿ, ಸ್ವಲ್ಪ ಬೆಲ್ಲವೋ ಕಡಲೆ ಚಿಕ್ಕಿಯೋ ಜೊತೆಗಿರಲಿ. ಅಜ್ಜನ ಮಾತ್ರೆಯ ಹೊತ್ತು ತಪ್ಪದಿರಲಿ.

ನಡೆಯುವಾಗ ಕಡಲಿನ ಕಡೆ ಹಿರಿಯರಲ್ಲಿ ಗಟ್ಟಿ ಕಾಲಿನವರು ಇರಲಿ, ಚಿಕ್ಕವರು ದಡದ ಕಡೆ. ಅಲೆಗಳು ಎಲ್ಲೆಡೆ ಬೆಳ್ಳಗೆ ಒಡೆಯುತ್ತಿರುವಾಗ ಒಂದು ಕಡೆ ಮಾತ್ರ ನಯವಾಗಿ, ಶಾಂತವಾಗಿ ಕಂಡರೆ ಆಟಕ್ಕೆ ಅದೇ ಒಳ್ಳೆ ಜಾಗ ಎಂದುಕೊಳ್ಳಬೇಡಿ. ದಡಕ್ಕೆ ಬಂದ ನೀರು ಒಟ್ಟಾಗಿ ಕಡಲಿಗೆ ಹಿಂದಿರುಗುವ ಸೆಳೆತದ ದಾರಿ ಅದಾಗಿರಬಹುದು. ಮಳೆಗಾಲದಲ್ಲಿ ಈ ನಡಿಗೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಆಗ ಕಡಲು ದಡದ ಮರಳನ್ನೇ ಕೊರೆದು ಒಯ್ಯುತ್ತಿರುತ್ತದೆ.

ಈ ವಾರದ ಕೆಲಸ

ಕಡಲು ದೂರವಿರುವ ಮಕ್ಕಳು ಬೇಸರ ಮಾಡಿಕೊಳ್ಳಬೇಡಿ. ಮನೆ ಕಟ್ಟುವ ಕಡೆ ಕೇಳಿಕೊಂಡು ಒಂದು ಬಕೆಟ್ ಮರಳು ತನ್ನಿ. ಮೂರು ತಟ್ಟೆಗೆ ಹಾಕಿ. ಒಂದು ಒಣಗಿರಲಿ. ಎರಡನೆಯದಕ್ಕೆ ಸ್ವಲ್ಪ ನೀರು ಚಿಮುಕಿಸಿ. ಮೂರನೆಯದಕ್ಕೆ ಮರಳು ಮುಳುಗುವಷ್ಟು ನೀರು ಸುರಿಯಿರಿ. ಮೂರರ ಮೇಲೂ ಒಂದೇ ಕಲ್ಲನ್ನು ಇಟ್ಟು ಒತ್ತಿ, ಎಷ್ಟು ಹೂತಿತು ಎಂದು ಸ್ಕೇಲಿನಲ್ಲಿ ಅಳೆಯಿರಿ. ಆಮೇಲೆ ಕ್ಯಾಲೆಂಡರಿನಲ್ಲಿ ಮುಂದಿನ ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿ ಯಾವತ್ತು ಎಂದು ಅಜ್ಜಿಯನ್ನು ಕೇಳಿ ಗುರುತು ಹಾಕಿ. ಎರಡೂ ಆದ ಮೇಲೆ ಅಪ್ಪ-ಅಮ್ಮನ ಜೊತೆ ಕೂತು, ನಾಲ್ಕು ಪ್ರಶ್ನೆಗಳನ್ನೂ ಕೇಳಿ, ರಜೆಯ ನಡಿಗೆಗೆ ಒಂದು ದಡ ಆರಿಸಿ. ಕೊನೆಯ ಒಪ್ಪಿಗೆ ಮಾತ್ರ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರದಾಗಿರಲಿ.